ಸೈಟ್ ನೋಡಲು ಎರಡೇ ದಿನ: ಯಾವುದನ್ನು ಅಳೆಯಬೇಕು, ಯಾರನ್ನು ಕೇಳಬೇಕು?

ಪ್ರಶ್ನೆ: ಎರಡನೇ ವರ್ಷದ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಎರಡನೇ ವರ್ಷ ಓದುತ್ತಿದ್ದೇನೆ. ಈ ಸಲದ ಸ್ಟುಡಿಯೊಗೆ, ಅಂದರೆ ವಿನ್ಯಾಸದ ತರಗತಿಗೆ, ಕೊಟ್ಟಿರುವ ಜಾಗ ಮಂಡ್ಯದ ಅಂಚಿನಲ್ಲಿದೆ. ಒಂದು ಕಡೆ ವಿಶ್ವೇಶ್ವರಯ್ಯ ನಾಲೆಯ ಉಪನಾಲೆ, ಇನ್ನೊಂದು ಕಡೆ ಹೊಸ ಬಡಾವಣೆ, ನಡುವೆ 32 ಗುಂಟೆ ಗದ್ದೆ. ಅಲ್ಲಿ ಒಂದು ಗ್ರಂಥಾಲಯ ವಿನ್ಯಾಸ ಮಾಡಬೇಕು. ನಾವು ಆರು ಜನ, ಹೋಗಿಬರಲು ಎರಡು ದಿನ.

ಕಳೆದ ಸೆಮಿಸ್ಟರಿನಲ್ಲಿ ನಾವು ಬೇರೊಂದು ಜಾಗಕ್ಕೆ ಹೋಗಿ ನಾನೂರಕ್ಕೂ ಹೆಚ್ಚು ಫೋಟೊ ತಂದೆವು. ಸೆಕ್ಷನ್ (ನೆಲವನ್ನು ನೇರ ಸೀಳಿದಂತೆ ಏರುತಗ್ಗು ತೋರಿಸುವ ಚಿತ್ರ) ಬರೆಯಲು ಕುಳಿತಾಗ, ರಸ್ತೆಗಿಂತ ಆ ನೆಲ ಎಷ್ಟು ಕೆಳಗಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಮೂರು ಸಲ ಹೋಗಿಬಂದೆವು. ಈ ಬಾರಿ ಹಾಗಾಗಬಾರದು. ಕಡಿಮೆ ಸಮಯದಲ್ಲಿ ಬೇಕಾದಷ್ಟನ್ನು ತಿಳಿದುಕೊಂಡು ಬರುವುದನ್ನು ನೀವೆಲ್ಲ ಹೇಗೆ ಕಲಿತಿರಿ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಉತ್ತರ: ವಾಸ್ತುಶಿಲ್ಪಿ, ಕುವೆಂಪುನಗರ, ಮೈಸೂರು

ತಂಗಿ, ಸೆಕ್ಷನ್ ಬರೆಯಲು ಕುಳಿತಾಗ ಮಟ್ಟದ ಅಳತೆ ಇಲ್ಲವೆಂದು ಗೊತ್ತಾಯಿತು ಎಂದು ಬರೆದಿದ್ದೀರಿ. ಉತ್ತರದ ಎಳೆ ಅಲ್ಲಿಯೇ ಇದೆ. ಬಿಟ್ಟುಹೋದ ಅಳತೆ ಕಣ್ಣಿಗೆ ಬೀಳುವುದು ಬರೆಯುವಾಗ ಮಾತ್ರ. ಹಾಗಿದ್ದ ಮೇಲೆ ಬರೆಯುವ ಕೆಲಸವನ್ನು ಹಾಸ್ಟೆಲಿಗೆ ಏಕೆ ಹೊತ್ತೊಯ್ಯಬೇಕು? ಜಾಗದಲ್ಲೇ ಕುಳಿತು, ಸ್ಕೇಲಿಗೆ ಸರಿಯಾಗಿ, ಅಂದೇ ಬರೆಯಿರಿ. ಹದಿನಾಲ್ಕು ವರ್ಷಗಳ ಕೆಲಸದಲ್ಲಿ ನನಗೆ ಇದಕ್ಕಿಂತ ಹೆಚ್ಚು ಸಮಯ ಉಳಿಸಿಕೊಟ್ಟ ಅಭ್ಯಾಸ ಬೇರೊಂದಿಲ್ಲ.

ಇದನ್ನು ನಾನು ಕಲಿತದ್ದು ಮೂರನೇ ವರ್ಷದಲ್ಲಿ, ಅಗ್ರಹಾರದ ಒಂದು ತೊಟ್ಟಿ ಮನೆಯನ್ನು ಅಳೆಯಲು ಹೋದಾಗ. ಜಗಲಿ, ಹಜಾರ, ತೊಟ್ಟಿ, ನಡುಮನೆ ಎಂದು ಒಂದೊಂದನ್ನೂ ಅಳೆದು, ಪುಸ್ತಕದ ತುಂಬ ಅಂಕಿ ಗೀಚಿಕೊಂಡು ಬಂದೆವು. ರಾತ್ರಿ ಹನ್ನೊಂದಕ್ಕೆ ಬರೆಯಲು ಕುಳಿತರೆ ಒಳಗಿನ ಕೋಣೆಗಳ ಅಳತೆಗೆ ಗೋಡೆಗಳ ದಪ್ಪ ಸೇರಿಸಿದರೂ ಹೊರಗಿನ ಅಳತೆಗೆ ಮುಕ್ಕಾಲು ಅಡಿ ಕಡಿಮೆ. ಬೆಳಿಗ್ಗೆ ಓಡಿದೆವು. ಮನೆಗೆ ಬೀಗ. ಯಜಮಾನರು ಮಗಳ ಊರಿಗೆ ಹೋಗಿದ್ದರು, ಬರುವುದು ಒಂದು ವಾರದ ಮೇಲೆ. ಅವರು ಬಂದ ನಂತರ ನೋಡಿದರೆ, ಒಳಗಿನ ಗೋಡೆಗಳೆಲ್ಲ ಒಂಬತ್ತು ಇಂಚು ಎಂದು ನಾವು ಎಣಿಸಿದ್ದರಲ್ಲಿ ಒಂದು ಹದಿನೆಂಟು ಇಂಚಿನದು. ಅದು ಒಂದು ಕಾಲದಲ್ಲಿ ಮನೆಯ ಹೊರಗೋಡೆಯಾಗಿತ್ತು. ಹಿಂದಿನ ಎರಡು ಕೋಣೆಗಳನ್ನು ಆಮೇಲೆ ಸೇರಿಸಿದ್ದರು. ಆ ಮನೆ ಹೇಗೆ ಬೆಳೆಯಿತೆಂಬ ಕಥೆಯೇ ಆ ಮುಕ್ಕಾಲು ಅಡಿಯಲ್ಲಿತ್ತು. ಮನೆಯ ಜಗಲಿಯ ಮೇಲೆ ಕುಳಿತೇ ಬರೆದಿದ್ದರೆ ಅಂದು ಸಂಜೆಯೇ ಗೊತ್ತಾಗುತ್ತಿತ್ತು.

ನಿಮ್ಮ ಜಾಗಕ್ಕೆ ಬರುತ್ತೇನೆ. 32 ಗುಂಟೆ ಎಂದರೆ ಸುಮಾರು 3,237 ಚದರ ಮೀಟರ್. ಉದ್ದಗಲ 72ಕ್ಕೆ 45 ಮೀಟರ್ ಇದ್ದರೂ 1:200 ಸ್ಕೇಲಿನಲ್ಲಿ ಒಂದು ಎ3 ಗ್ರಾಫ್ ಹಾಳೆಯಲ್ಲಿ ಹಿಡಿಸುತ್ತದೆ. ಗ್ರಾಫ್ ಹಾಳೆ, ಗಟ್ಟಿ ರಟ್ಟು, ಕ್ಲಿಪ್ಪು, ಪೆನ್ಸಿಲ್ ಇಷ್ಟಿದ್ದರೆ ನಿಮ್ಮ ಸ್ಟುಡಿಯೊ ಗದ್ದೆಯ ಬದುವಿನ ಮೇಲೆಯೇ ಇದೆ. ಅಳೆದವರು ಕೂಗಿ ಹೇಳಿದ ಅಂಕಿಯನ್ನು ಬರೆಯುವವರು ತಿರುಗಿ ಹೇಳಬೇಕು, ಆಗಲೇ ಹಾಳೆಯ ಮೇಲೆ ಗುರುತು ಹಾಕಬೇಕು. ಗೆರೆ ಕೂಡದಿದ್ದರೆ ಅಲ್ಲಿಯೇ ಮತ್ತೆ ಅಳೆಯಿರಿ.

ಟೇಪ್ ಹಿಡಿಯುವ ಮುನ್ನ ಅದರ ಸೊನ್ನೆ ಎಲ್ಲಿದೆ ನೋಡಿಕೊಳ್ಳಿ. ಕೆಲವು ಟೇಪಿನಲ್ಲಿ ಉಂಗುರದ ತುದಿಯೇ ಸೊನ್ನೆ, ಕೆಲವದರಲ್ಲಿ ಉಂಗುರ ದಾಟಿದ ಮೇಲೆ. ಒಂದು ಬದಿಯ ಉದ್ದಕ್ಕೂ ಉದ್ದನೆಯ ಟೇಪನ್ನು ಒಮ್ಮೆ ಹಾಸಿ, ಸೊನ್ನೆಯಿಂದ ಹಿಡಿದು ಮರ, ಗೇಟು, ವಿದ್ಯುತ್ ಕಂಬ, ಮೋರಿ ಎಲ್ಲವನ್ನೂ ಅದೇ ಟೇಪಿನ ಮೇಲೆ ಓದಿಕೊಳ್ಳಿ. ಗೇಟಿನಿಂದ ಮರಕ್ಕೆ, ಮರದಿಂದ ಕಂಬಕ್ಕೆ ಎಂದು ತುಂಡುತುಂಡಾಗಿ ಅಳೆದರೆ ಪ್ರತಿ ಸಲ ಟೇಪ್ ಎತ್ತಿದಾಗಲೂ ಸಣ್ಣ ತಪ್ಪೊಂದು ಸೇರಿಕೊಳ್ಳುತ್ತದೆ. ಮತ್ತೆ, ನಾಲ್ಕೂ ಬದಿ ಅಳೆದರೆ ಜಾಗದ ಆಕಾರ ಸಿಕ್ಕಿತು ಎಂದುಕೊಳ್ಳಬೇಡಿ. ಕೀಲು ಸಡಿಲವಾದ ಮಂಚವನ್ನು ನೋಡಿದ್ದೀರಲ್ಲ, ನಾಲ್ಕು ಪಟ್ಟಿಗಳ ಉದ್ದ ಅಷ್ಟೇ ಇದ್ದರೂ ಮಂಚ ಒಂದು ಕಡೆಗೆ ವಾಲುತ್ತದೆ. ಒಂದು ಕರ್ಣ ಅಳೆದರೆ ಆಕಾರ ನಿಲ್ಲುತ್ತದೆ. ಎರಡನೆಯದನ್ನೂ ಅಳೆದರೆ ಮೊದಲನೆಯದು ಸರಿಯೇ ಎಂಬುದು ತಿಳಿಯುತ್ತದೆ.

ಈಗ ಮಟ್ಟ. ದುಬಾರಿ ಉಪಕರಣ ಇಲ್ಲವೆಂದು ವಿದ್ಯಾರ್ಥಿಗಳು ಇದನ್ನೇ ಬಿಟ್ಟುಬಿಡುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ 20 ಮೀಟರ್ ಪಾರದರ್ಶಕ ಟ್ಯೂಬ್ ಕೊಳ್ಳಿ, ಮೇಸ್ತ್ರಿಗಳು ಮಟ್ಟ ನೋಡಲು ಬಳಸುವಂಥದ್ದು. ಗುಳ್ಳೆ ಬಾರದಂತೆ ನಿಧಾನವಾಗಿ ನೀರು ತುಂಬಿ. ಮೊದಲು ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರದಲ್ಲಿದೆಯೇ ನೋಡಿ. ಇಲ್ಲವಾದರೆ ಒಳಗೆಲ್ಲೋ ಗುಳ್ಳೆ ಕುಳಿತಿದೆ. ಆಮೇಲೆ ಅಲುಗದ ಒಂದು ವಸ್ತುವನ್ನು, ರಸ್ತೆಯ ಮೋರಿಯ ಮೇಲ್ಗಲ್ಲು ಎನ್ನೋಣ, ಸೊನ್ನೆ ಮಟ್ಟವೆಂದು ಇಟ್ಟುಕೊಳ್ಳಿ. ಅಲ್ಲಿ ಕಲ್ಲಿನಿಂದ ನೀರಿನವರೆಗೆ 92 ಸೆಂಟಿಮೀಟರ್, ಗದ್ದೆಯಲ್ಲಿ ನೆಲದಿಂದ ನೀರಿನವರೆಗೆ 204 ಸೆಂಟಿಮೀಟರ್ ಬಂದರೆ, ಗದ್ದೆ ಕಲ್ಲಿಗಿಂತ 112 ಸೆಂಟಿಮೀಟರ್ ಕೆಳಗಿದೆ. ಇಷ್ಟೇ ಲೆಕ್ಕ. ಮೂರು ಗಂಟೆಯಲ್ಲಿ ಇಡೀ 32 ಗುಂಟೆಗೆ ಸಾಕಾಗುವಷ್ಟು ಮಟ್ಟಗಳು ಸಿಗುತ್ತವೆ.

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಮಾತ್ರ ಈ ಕೆಲಸಕ್ಕೆ ನಂಬಬೇಡಿ. ಅವುಗಳಲ್ಲಿ ಹೆಚ್ಚಿನವು 30 ಮೀಟರಿಗೊಂದು ಬಿಂದುವಿನಂತೆ ಉಪಗ್ರಹ ಅಥವಾ ಅಂತರಿಕ್ಷ ನೌಕೆಯಿಂದ ಅಳೆದ ಎತ್ತರಗಳು, ತಪ್ಪು ಹಲವು ಮೀಟರುಗಳಷ್ಟಿರಬಹುದು. ಚಾಮುಂಡಿ ಬೆಟ್ಟದ ಇಳಿಜಾರಿಗೆ ಒಂದು ಅಂದಾಜು ಕೊಡುತ್ತವೆ, ಮಂಡ್ಯದ ಗದ್ದೆಗೆ ಏನೂ ಹೇಳುವುದಿಲ್ಲ. ಮೊಬೈಲಿನ ಜಿಪಿಎಸ್ ಕೂಡ ಬಯಲಿನಲ್ಲಿಯೇ ನಾಲ್ಕೈದು ಮೀಟರ್ ಅತ್ತಿತ್ತ ಆಗುತ್ತದೆ, ಮರದಡಿ ಇನ್ನೂ ಹೆಚ್ಚು.

ಆರು ಜನರನ್ನು ಮೂರು ಜೋಡಿ ಮಾಡಿ: ಟೇಪಿಗೆ ಇಬ್ಬರು, ಟ್ಯೂಬಿಗೆ ಇಬ್ಬರು, ಜನರೊಡನೆ ಮಾತನಾಡಿ ಸುತ್ತಮುತ್ತ ನೋಡಲು ಇಬ್ಬರು. ಮೊದಲ ದಿನ ನಾಲ್ಕು ಗಂಟೆಗೆ ಎಲ್ಲ ಕೆಲಸ ನಿಲ್ಲಿಸಿ, ಹತ್ತಿರದ ಟೀ ಅಂಗಡಿಯಲ್ಲಿ ಕುಳಿತು, ರಸ್ತೆಯಿಂದ ನಾಲೆಯವರೆಗೆ ಒಂದು ಸೆಕ್ಷನ್ ಬರೆಯಿರಿ. ಕೈ ಎಲ್ಲಿ ತಡೆಯುತ್ತದೋ ಅದೇ ಎರಡನೇ ದಿನದ ಕೆಲಸ.

ಉತ್ತರ: ಕೊನೆಯ ವರ್ಷದ ವಿದ್ಯಾರ್ಥಿ, ಮೈಸೂರು

ಫೋಟೊ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಅಕ್ಕ ಹೇಳಿದ್ದಾರೆ. ನಾನೂರು ಫೋಟೊ ತೆಗೆದದ್ದು ತಪ್ಪಲ್ಲ, ಎಲ್ಲಿ ನಿಂತು ತೆಗೆದದ್ದು ಎಂದು ಗೊತ್ತಿಲ್ಲದಿರುವುದು ತಪ್ಪು. ನಮ್ಮ ತಂಡದಲ್ಲಿ ಈಗ ಒಬ್ಬರೇ ಫೋಟೊ ತೆಗೆಯುತ್ತಾರೆ. ನಕ್ಷೆಯ ಮೇಲೆ ನಿಂತ ಜಾಗಕ್ಕೆ ಒಂದು ಸಂಖ್ಯೆ, ನೋಡಿದ ದಿಕ್ಕಿಗೆ ಒಂದು ಬಾಣ. ಅದೇ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೊದಲು ಆ ಚೀಟಿಯ ಫೋಟೊ, ಆಮೇಲೆ ಜಾಗದ ಫೋಟೊಗಳು. ಮನೆಗೆ ಬಂದು ವಿಂಗಡಿಸುವ ಕೆಲಸವೇ ಇರುವುದಿಲ್ಲ.

ಜಾಗದ ಹೊರಗೆ ನಿಂತು ಒಳಗೆ ನೋಡಿದ ಫೋಟೊಗಳು ಎಲ್ಲರ ಬಳಿಯೂ ಇರುತ್ತವೆ. ಒಳಗೆ ನಿಂತು ಹೊರಗೆ ನೋಡಿದ ಫೋಟೊ ಯಾರ ಬಳಿಯೂ ಇರುವುದಿಲ್ಲ. ನೀವು ಕಟ್ಟುವ ಕಿಟಕಿಯಿಂದ ಕಾಣುವುದು ಅದೇ ಅಲ್ಲವೇ? ಜಾಗದ ನಡುವೆ ನಿಂತು ಸುತ್ತಲೂ ಎಂಟು ಫೋಟೊ ತೆಗೆಯಿರಿ. ಗೋಡೆ, ಮೋರಿ, ಕಾಂಡ ಇವುಗಳ ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಬ್ಬರು ಟೇಪ್ ಬಿಚ್ಚಿ ಹಿಡಿದಿರಲಿ, ಆಮೇಲೆ ಅಳತೆ ಬೇಕಾದರೆ ಅಂದಾಜಿಗಾದರೂ ಸಿಗುತ್ತದೆ. ಇನ್ನೊಂದು ಮಾತು: ನಿಮ್ಮ ಹೆಜ್ಜೆಯ ಉದ್ದ ತಿಳಿದುಕೊಳ್ಳಿ. ಕಾಲೇಜಿನ ಕಾರಿಡಾರಿನಲ್ಲಿ 30 ಮೀಟರ್ ಟೇಪ್ ಹಾಸಿ ನಾಲ್ಕು ಸಲ ಸಹಜವಾಗಿ ನಡೆದು ಎಣಿಸಿ. ನನಗೆ 41 ಹೆಜ್ಜೆ. ಬಸ್ ನಿಲ್ದಾಣ, ಶಾಲೆ, ಬೀದಿಯ ಅಗಲ ಇಂಥವಕ್ಕೆ ಟೇಪ್ ಬೇಕಾಗುವುದಿಲ್ಲ.

ಉತ್ತರ: ನಿವೃತ್ತ ಭೂಮಾಪಕ, ಮಂಡ್ಯ

ಮಕ್ಕಳೇ, ಮಂಡ್ಯಕ್ಕೆ ಬರುವ ಮೊದಲೇ ಅರ್ಧ ಕೆಲಸ ಮುಗಿಸಿಕೊಳ್ಳಬಹುದು. ನಿಮ್ಮ ಜಾಗದ ಸರ್ವೇ ನಂಬರ್ ಏನೆಂದು ಅಧ್ಯಾಪಕರಿಂದ ಕೇಳಿ ತಿಳಿದುಕೊಳ್ಳಿ. ತಿಳಿಯದಿದ್ದರೆ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೇ ನಂಬರ್ ತೋರಿಸುತ್ತದೆ. ಅದರಲ್ಲಿ ಕಾಣುವ ಗೆರೆಯನ್ನೇ ಗಡಿ ಎಂದು ಬರೆದುಕೊಳ್ಳಬೇಡಿ, ಅದು ನಂಬರ್ ಹುಡುಕಲು ಇರುವ ದಾರಿ.

ನಂಬರ್ ಸಿಕ್ಕ ಮೇಲೆ ಪಹಣಿ ತೆಗೆಯಿರಿ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ 2000ನೇ ಇಸವಿಯ ಸುಮಾರಿಗೆ ಬಂದ ಮೇಲೆ ಪಹಣಿ ಸಿಗುವುದು ಸುಲಭವಾಗಿದೆ. ಪಹಣಿಯಲ್ಲಿ ವಿಸ್ತೀರ್ಣ, ಬೆಳೆ, ನೀರಿನ ಮೂಲ ಇರುತ್ತವೆ, ಆಕಾರ ಇರುವುದಿಲ್ಲ. ಆಕಾರಕ್ಕೆ ಗ್ರಾಮ ನಕ್ಷೆ ನೋಡಬೇಕು. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಹಳ್ಳಿವಾರು ಸಿಗುತ್ತದೆ. ಅದರಲ್ಲಿ ಬಂಡಿದಾರಿ, ಹಳ್ಳ, ಕೆರೆ ಎಲ್ಲ ಗುರುತಾಗಿರುತ್ತವೆ. ಇಂದು ನೆಲದ ಮೇಲೆ ಕಾಣದ ಹಳ್ಳ ನಕ್ಷೆಯಲ್ಲಿದ್ದರೆ ಮಳೆ ಬಂದ ದಿನ ಆ ನೀರು ತನ್ನ ದಾರಿ ಹುಡುಕಿಕೊಂಡು ಬರುತ್ತದೆ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಗಮನಿಸಿ. ಅದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. 32 ಗುಂಟೆಯಲ್ಲಿ 3 ಗುಂಟೆ ಹಾಗಿದ್ದರೆ ನಿಮ್ಮ ಕಟ್ಟಡ 29 ಗುಂಟೆಯಲ್ಲೇ ಮುಗಿಯಬೇಕು.

ಗುಂಟೆಯ ಲೆಕ್ಕ ಬಾಯಿಪಾಠ ಇರಲಿ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ನಮ್ಮ ಕಾಲದ ಸರಪಳಿ 33 ಅಡಿಯದೇ ಆಗಿತ್ತು, ಹಳೆಯ ಸರ್ವೇ ಅಳತೆಯ ಟಿಪ್ಪಣಿ ಕೈಗೆ ಸಿಕ್ಕರೆ ಇದು ನೆನಪಿರಬೇಕು. ಜಾಗಕ್ಕೆ ಬಂದ ಮೇಲೆ ಮೂಲೆಗಳಲ್ಲಿ ಬಾಂದು ಕಲ್ಲು, ಅಂದರೆ ಗಡಿ ಕಲ್ಲು, ಹುಡುಕಿ. ಬೇಲಿಯ ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ, ಕೋಲಿನಿಂದ ತಟ್ಟಿ ನೋಡಿ, ಹಾವು ಇರುತ್ತದೆ, ಕೈ ಹಾಕಬೇಡಿ.

ಮೇಲೆ ಬರೆದ ತಾಯಿ ಟ್ಯೂಬ್ ವಿಷಯ ಚೆನ್ನಾಗಿ ಹೇಳಿದ್ದಾರೆ. ನನ್ನದು ಒಂದು ಸೇರ್ಪಡೆ. ಗದ್ದೆಯಲ್ಲಿ ಐದೈದು ಮೀಟರಿಗೆ ಮಟ್ಟ ತೆಗೆಯುವ ಅಗತ್ಯವಿಲ್ಲ. ಒಂದು ತಾಕು ಎಂದರೆ ರೈತ ನೀರು ಕಟ್ಟಿ, ಹಲಗೆ ಎಳೆದು, ಸಮ ಮಾಡಿದ ನೆಲ. ನಿಮ್ಮ ಟ್ಯೂಬಿನಲ್ಲಿರುವ ನೀರಿನ ಕೆಲಸವನ್ನು ಅವನು ಗದ್ದೆಯ ತುಂಬ ಮಾಡಿಬಿಟ್ಟಿದ್ದಾನೆ. ಎತ್ತರ ಬದಲಾಗುವುದು ಬದುವಿನಲ್ಲಿ. ತಾಕಿಗೆ ಒಂದು ಮಟ್ಟ, ಬದುವಿನ ಮೇಲೆ ಒಂದು ಮಟ್ಟ, ಸಾಕು. ಆದರೆ ನಾಲೆಯ ಏರಿಯ ಮೇಲಿನ ಮಟ್ಟ, ನಾಲೆಯಲ್ಲಿ ಹರಿಯುವ ನೀರಿನ ಮಟ್ಟ ಇವೆರಡನ್ನು ಬಿಡಲೇಬಾರದು. ನೀರು ತಾನೇ ಇಳಿದು ಗದ್ದೆಗೆ ಬರಬೇಕಾದ್ದರಿಂದ ಉಪನಾಲೆ ಸಾಮಾನ್ಯವಾಗಿ ಎತ್ತರದಲ್ಲೇ ಸಾಗುತ್ತದೆ. ನಿಮ್ಮ ಗ್ರಂಥಾಲಯದ ನೆಲ ನಾಲೆಯ ನೀರಿಗಿಂತ ಕೆಳಗೆ ಬರಬಹುದು. ನೀರು ಬಿಟ್ಟಾಗ ಏರಿಯ ಪಕ್ಕದ ನೆಲ ಜೌಗಾಗುತ್ತದೆ, ನಿಲ್ಲಿಸಿದಾಗ ಒಣಗಿ ಬಿರಿಯುತ್ತದೆ. ಒಣಗಿದಾಗ ನೋಡಿ ಹೋದವರು ಮೋಸ ಹೋಗುತ್ತಾರೆ.

ಉತ್ತರ: ಸ್ಟುಡಿಯೊ ಅಧ್ಯಾಪಕ, ಮೈಸೂರು

ಅಳತೆಯ ಬಗ್ಗೆ ಮೇಲೆ ಬಂದ ಮಾತುಗಳನ್ನೆಲ್ಲ ಒಪ್ಪುತ್ತೇನೆ. ಮೂರು ಜೋಡಿ ಮಾಡಿ ಕೆಲಸ ಹಂಚಿಕೊಳ್ಳಿ ಎಂಬುದನ್ನು ಮಾತ್ರ ಒಪ್ಪಲಾರೆ. ಕಚೇರಿಯಲ್ಲಿ ಅದು ಸರಿ. ಕಲಿಯುವವರಲ್ಲಿ ಅದರಿಂದ ಆಗುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ: ಟೇಪ್ ಹಿಡಿದವನಿಗೆ ಊರಿನ ಅಜ್ಜಿ ಏನೆಂದರು ಗೊತ್ತಿರುವುದಿಲ್ಲ, ಅಜ್ಜಿಯೊಡನೆ ಮಾತನಾಡಿದವಳಿಗೆ ಜಾಗದ ಇಳಿಜಾರು ಗೊತ್ತಿರುವುದಿಲ್ಲ. ಆರು ಜನರೂ ಜಾಗದ ಆರನೇ ಒಂದು ಪಾಲನ್ನು ಹೊತ್ತು ಬರುತ್ತಾರೆ. ವಿನ್ಯಾಸ ಮಾಡಬೇಕಾದದ್ದು ಒಬ್ಬೊಬ್ಬರೂ ಬೇರೆಬೇರೆಯಾಗಿ. ಆದ್ದರಿಂದ ಮೊದಲ ಒಂದು ಗಂಟೆ ಟೇಪ್, ಕ್ಯಾಮೆರಾ ಯಾವುದನ್ನೂ ತೆಗೆಯದೆ ಎಲ್ಲರೂ ಒಟ್ಟಾಗಿ ಜಾಗದ ಸುತ್ತ ನಡೆಯಿರಿ. ಮಧ್ಯಾಹ್ನದ ಊಟದ ನಂತರ ಜೋಡಿಗಳ ಕೆಲಸ ಅದಲುಬದಲಾಗಲಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಜನರನ್ನು ಕೇಳುವ ಬಗೆಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದನ್ನು ಯಾವ ತರಗತಿಯಲ್ಲೂ ಸರಿಯಾಗಿ ಕಲಿಸುವುದಿಲ್ಲ. "ಇಲ್ಲಿ ನೀರು ನಿಲ್ಲುತ್ತದೆಯೇ?" ಎಂದು ಕೇಳಿದರೆ "ಅಂಥದ್ದೇನಿಲ್ಲ" ಎಂಬ ಉತ್ತರ ಬರುತ್ತದೆ. ಊರಿನ ಬಗ್ಗೆ ಹೊರಗಿನವರ ಮುಂದೆ ಕುಂದು ಹೇಳಲು ಯಾರಿಗೂ ಮನಸ್ಸಿರುವುದಿಲ್ಲ. "ಹೋದ ವರ್ಷ ಜೋರು ಮಳೆ ಬಂದಾಗ ಮಕ್ಕಳನ್ನು ಶಾಲೆಗೆ ಯಾವ ದಾರಿಯಲ್ಲಿ ಕಳಿಸಿದಿರಿ ಅಮ್ಮ?" ಎಂದು ಕೇಳಿ. ಅವರು ಎದ್ದು ಬಂದು ದಾರಿಯನ್ನೇ ತೋರಿಸುತ್ತಾರೆ, ನೀರು ಎಲ್ಲಿ ಮೊಣಕಾಲಿಗೆ ಬಂದಿತ್ತು ಎಂಬುದನ್ನೂ ತೋರಿಸುತ್ತಾರೆ. ಗಾಳಿಯ ವಿಷಯವೂ ಹಾಗೆಯೇ. ಪುಸ್ತಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಎಂದಿರುತ್ತದೆ, ಅದು ಸರಿಯೇ. ಮಂಡ್ಯದ ಹಳ್ಳಿಯೊಂದರಲ್ಲಿ ನಾವು ಅಧ್ಯಯನಕ್ಕೆ ಹೋದಾಗ, ಆಲೆಮನೆಯ ಹೊಗೆ ಯಾವ ತಿಂಗಳಲ್ಲಿ ಯಾರ ಮನೆಗೆ ನುಗ್ಗುತ್ತದೆ ಎಂದು ಕೇಳಿದೆವು. ಬೀದಿಬೀದಿಗೆ ಗಾಳಿ ಹೇಗೆ ತಿರುಗುತ್ತದೆ ಎಂಬ ನಕ್ಷೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಯಾವ ಹವಾಮಾನ ಪಟ್ಟಿಯಲ್ಲೂ ಅದು ಇರಲಿಲ್ಲ.

ಮಾತಿಗೆ ಮುನ್ನ ನೀವು ಯಾರು, ಏಕೆ ಬಂದಿದ್ದೀರಿ ಹೇಳಿ, ಕಾಲೇಜಿನ ಪತ್ರ ತೋರಿಸಿ. ಟೇಪ್ ಹಿಡಿದು ಬಂದವರನ್ನು ಕಂಡರೆ ಜಮೀನು ಹೋಗುತ್ತದೆಯೇನೋ ಎಂಬ ಭಯ ನಮ್ಮ ರೈತರಿಗೆ ಸಹಜ. ಅದನ್ನು ಹೋಗಲಾಡಿಸದೆ ಮುಂದುವರಿಯುವುದು ಸರಿಯಲ್ಲ.

ಬಿಸಿಲಿನ ಬಗ್ಗೆ ಒಂದು ತಪ್ಪು ಎಲ್ಲರ ಶೀಟಿನಲ್ಲೂ ನೋಡುತ್ತೇನೆ. ಪರದೇಶದ ಪುಸ್ತಕ ನೋಡಿ, ಸೂರ್ಯ ಸದಾ ದಕ್ಷಿಣದಲ್ಲಿ ಎಂದು ಬರೆದಿರುತ್ತಾರೆ. ಮೈಸೂರು, ಮಂಡ್ಯ ಇರುವುದು ಉತ್ತರ ಅಕ್ಷಾಂಶ 12ರಿಂದ 13 ಡಿಗ್ರಿಯ ನಡುವೆ. ಏಪ್ರಿಲ್ ಮೂರನೇ ವಾರ ಕಳೆದ ಮೇಲೆ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಜೂನ್ 21ರಂದು ನೆತ್ತಿಯಿಂದ ಉತ್ತರಕ್ಕೆ 11 ಡಿಗ್ರಿ, ಡಿಸೆಂಬರ್ 21ರ ಸುಮಾರಿಗೆ ದಕ್ಷಿಣಕ್ಕೆ 36 ಡಿಗ್ರಿ. ನಿಮ್ಮ ಓದುವ ಕೋಣೆಯ ಉತ್ತರದ ಕಿಟಕಿಗೂ ಮೇಲೆ ಬಿಸಿಲು ತಡೆಯುವ ಒಂದು ಸಣ್ಣ ಸಜ್ಜಾ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಉತ್ತರ ದಿಕ್ಕನ್ನು ಮೊಬೈಲಿನಲ್ಲಿ ನೋಡುವುದಾದರೆ ಕಬ್ಬಿಣದ ಗೇಟು, ಕಾರು, ಕಂಬಗಳಿಂದ ದೂರ ನಿಲ್ಲಿ. ಅದಕ್ಕಿಂತ ಒಂದು ಕೋಲು ನೆಟ್ಟು ನೆರಳು ನೋಡುವುದು ನಂಬಿಕೆಗೆ ಅರ್ಹ: ಬೆಳಿಗ್ಗೆ ಒಮ್ಮೆ ನೆರಳಿನ ತುದಿ ಗುರುತಿಸಿ, ಅಷ್ಟೇ ಉದ್ದದ ನೆರಳು ಮಧ್ಯಾಹ್ನದ ನಂತರ ಬಿದ್ದಾಗ ಮತ್ತೆ ಗುರುತಿಸಿ; ಆ ಎರಡು ಬಿಂದುಗಳನ್ನು ಸೇರಿಸಿದ ಗೆರೆ ಪೂರ್ವ–ಪಶ್ಚಿಮ. ನಮ್ಮಲ್ಲಿ ಸೂರ್ಯ ನಡುಹಗಲಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಹಿಂದುಮುಂದು. ಏಕೆಂದರೆ ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರುವುದು 77ಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ.

ಉತ್ತರ: ಕಟ್ಟಡ ಗುತ್ತಿಗೆದಾರ, ಮಂಡ್ಯ

ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಪಕ್ಕದಲ್ಲೇ ಹೊಸ ಬಡಾವಣೆ ಇದೆ ಎಂದಿರಿ. ಅಲ್ಲಿ ಯಾವುದಾದರೂ ಮನೆಗೆ ಪಾಯ ತೆಗೆದಿರುತ್ತಾರೆ. ಮೇಸ್ತ್ರಿಯನ್ನು ಕೇಳಿ ಗುಂಡಿಯ ಪಕ್ಕ ನಿಂತು ನೋಡಿ. ಎಷ್ಟು ಅಡಿ ಕೆಳಗೆ ಗಟ್ಟಿ ನೆಲ ಸಿಕ್ಕಿತು, ನೀರು ಒಸರಿತೇ, ಸೈಜು ಕಲ್ಲಿನ ಪಾಯ ಹಾಕಿದರೋ ಕಾಲಂ ಎತ್ತಿದರೋ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಪರೀಕ್ಷಾ ಗುಂಡಿ ಸಿಕ್ಕಂತೆ. ಗುಂಡಿಯ ಗೋಡೆಯಲ್ಲಿ ಎರಡು ಅಡಿ ಕೆಳಗೂ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಂಡರೆ ಅದು ತುಂಬಿದ ಮಣ್ಣು, ಎಚ್ಚರ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಹಿಂದಕ್ಕೆ ಸರಿಸಿ ನೋಡಿದರೂ ಯಾವ ಭಾಗ ಯಾವಾಗ ತುಂಬಿದರು ಎಂಬುದು ಗೊತ್ತಾಗುತ್ತದೆ.

ನಿಮ್ಮ ಜಾಗದ ಮಣ್ಣನ್ನು ಒಂದು ಅಡಿ ಕೆಳಗಿನಿಂದ ತೆಗೆದು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ರೇವೆ ಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿ ಮರುದಿನವಾದರೂ ನೀರನ್ನು ಕಲಕಾಗಿಯೇ ಇಟ್ಟಿರುತ್ತದೆ. ಮೂರು ಪದರಗಳ ದಪ್ಪ ಅಳೆದರೆ ಮಣ್ಣಿನ ಗುಣ ಅಂದಾಜಾಗುತ್ತದೆ. ಈ ಅಂದಾಜನ್ನೇ ನಂಬಿ ಕಟ್ಟಡ ಕಟ್ಟಲಾಗದು, ಎಂಜಿನಿಯರು ಪರೀಕ್ಷೆ ಮಾಡಲೇಬೇಕು. ಆದರೆ ವಿನ್ಯಾಸಕ್ಕೆ ಕೂರುವ ಮುನ್ನ ಜೇಡಿ ನೆಲವೋ ಮರಳು ನೆಲವೋ ಎಂಬುದಾದರೂ ನಿಮಗೆ ಗೊತ್ತಿರಬೇಕು. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳಲ್ಲಿ ಓರೆಯಾಗಿ ಬಿರುಕು ಬಿಟ್ಟಿದೆಯೇ, ಅದನ್ನೂ ನೋಡಿಕೊಳ್ಳಿ.

ಉತ್ತರ: ವಾಸ್ತುಶಿಲ್ಪಿ, ಕುವೆಂಪುನಗರ, ಮೈಸೂರು

ಅಧ್ಯಾಪಕರ ಮಾತು ಸರಿ. ನಾನು ಕಚೇರಿಯ ಅಭ್ಯಾಸದಿಂದ ಬರೆದೆ. ಕಲಿಯುವವರು ಕೆಲಸ ಅದಲುಬದಲು ಮಾಡಿಕೊಳ್ಳಲಿ. ಎಲ್ಲರೂ ಒಮ್ಮೆಯಾದರೂ ಟ್ಯೂಬಿನ ತುದಿ ಹಿಡಿಯಲಿ. ಬರೆಯುವವರನ್ನು ಮಾತ್ರ ನಡುವೆ ಬದಲಿಸಬೇಡಿ, ಎರಡು ಕೈಬರಹದ ಅಂಕಿಗಳು ಒಂದೇ ಹಾಳೆಯಲ್ಲಿದ್ದಾಗ 1 ಮತ್ತು 7 ಅದಲುಬದಲಾಗುವುದನ್ನು ನೋಡಿದ್ದೇನೆ. ಎರಡನೇ ದಿನ ಹೊಸಬರು ಹೊಸ ಹಾಳೆಯಲ್ಲಿ ಬರೆಯಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಆರು ಜನರೂ ಕುಳಿತು ಓದಿದೆವು. ಟ್ಯೂಬ್ ಕೊಂಡಿದ್ದೇವೆ, ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ಅಭ್ಯಾಸ ಮಾಡಿದೆವು. ಮೊದಲ ಸಲ ಒಂದು ಮೆಟ್ಟಿಲಿಗೆ 21 ಸೆಂಟಿಮೀಟರ್ ಬಂತು, ಟೇಪಿನಲ್ಲಿ ನೋಡಿದರೆ 16. ಒಳಗೆ ಗುಳ್ಳೆಯಿತ್ತು. ಮೂರನೇ ಸಲ ಸರಿಯಾಯಿತು. ಗ್ರಾಮ ನಕ್ಷೆ ಸಿಕ್ಕಿದೆ. ಅದರಲ್ಲಿ ನಮ್ಮ ಜಾಗದ ಈಶಾನ್ಯ ಮೂಲೆಯನ್ನು ಕತ್ತರಿಸಿಕೊಂಡು ಒಂದು ಸಣ್ಣ ಹಳ್ಳ ಹೋಗುತ್ತದೆ. ಉಪಗ್ರಹ ಚಿತ್ರದಲ್ಲಿ ಅದು ಕಾಣುತ್ತಿಲ್ಲ. ನಮಗೆ ಕೊಟ್ಟ ವಿನ್ಯಾಸ ಸೂಚನೆಯಲ್ಲೂ ಅದರ ಮಾತಿಲ್ಲ. ಶನಿವಾರ ಬೆಳಿಗ್ಗೆ ಮೊದಲ ರೈಲಿಗೆ ಹೊರಡುತ್ತೇವೆ. ಭೂಮಾಪಕ ಸರ್, ನಾಲೆಯಲ್ಲಿ ನೀರು ಇರುವಾಗಲೇ ನೋಡಬೇಕು ಎಂದಿರಿ, ಅದನ್ನು ಮೊದಲೇ ತಿಳಿಯುವುದು ಹೇಗೆ?

ಉತ್ತರ: ನಿವೃತ್ತ ಭೂಮಾಪಕ, ಮಂಡ್ಯ

ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರಮ್ಮ. ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ನೀರಾವರಿ ಕಚೇರಿಯಲ್ಲೂ ಹೇಳುತ್ತಾರೆ. ಶನಿವಾರ ನೀರಿಲ್ಲದಿದ್ದರೆ ನಾಲೆಯ ಒಳಬದಿಯ ಕಲ್ಲುಗಳ ಮೇಲೆ ಪಾಚಿಯ ಗೆರೆ ನೋಡಿ, ನೀರು ಅಲ್ಲಿಯವರೆಗೆ ಬರುತ್ತದೆ. ಆ ಗೆರೆಗೆ ಟ್ಯೂಬ್ ಹಿಡಿಯಿರಿ. ಹಳ್ಳ ಕಾಣದಿದ್ದರೂ ಆ ಮೂಲೆಯಲ್ಲಿ ರಸ್ತೆಯಡಿ ಮೋರಿ ಇದೆಯೇ ಹುಡುಕಿ. ರಸ್ತೆ ಮಾಡಿದವರು ಸುಮ್ಮನೆ ಮೋರಿ ಇಡುವುದಿಲ್ಲ. ಸಿಕ್ಕರೆ ಅದರ ಅಗಲ, ಆಳ ಬರೆದುಕೊಂಡು ಇಲ್ಲಿ ತಿಳಿಸಿ.